ಕಾಲಿಗೆ ತಿಳಿಯದ ಬಿಸಿ

ಮೊನ್ನೆ ಶ್ರೀರಾಮನಗರದಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಟ್ರ್ಯಾಕ್ಟರಿನಿಂದ ಬಿದ್ದು ಅವಳ ಮಗನ ಬೆನ್ನುಮೂಳೆ ಮುರಿದಿದೆ, ಸೊಂಟದ ಕೆಳಗೆ ಸ್ವಾಧೀನ ಇಲ್ಲ, ದವಾಖಾನೆಯಿಂದ ಮನೆಗೆ ಕಳಿಸಿದ್ದಾರೆ. "ನಿಮಗೂ ಹಿಂಗ ಆಗಿತ್ತಂತಲ್ರೀ ಅಮ್ಮಾರ. ದಿನಾ ಎರಡು ಹೊತ್ತು ಉಸುಕಿನ ಕಾವು ಕೊಡಾಕತ್ತೀನಿ. ಎಷ್ಟು ದಿನಕ್ಕ ಹತ್ತತೈತ್ರಿ?" ಎಂದು ಕೇಳಿದಳು. ಬಂದವಳಿಗೆ ನೀರು ಕೊಡುವುದನ್ನೂ ಮರೆತು, "ಮೊದಲ ಮನೀಗೆ ಹೋಗಿ ಒಲಿ ಆರಸ್ರಿ!" ಎಂದು ಗದರಿಸಿಬಿಟ್ಟೆ. ಪಾಪ, ಹೆದರಿ ಅತ್ತಳು. ಆಮೇಲೆ ಕೂರಿಸಿಕೊಂಡು ನನ್ನ ಕಥೆ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೆಟ್ರಿಕ್ ತನಕ ಓದಿದವಳು, ಬರೆದು ರೂಢಿಯಿಲ್ಲ. ಹಿಂದುಮುಂದಾದರೆ ಸುಧಾರಿಸಿಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕುಷ್ಟಗಿಯ ನನ್ನನ್ನು ಗಂಗಾವತಿ ಹತ್ತಿರದ ಮರಳಿಗೆ ಕೊಟ್ಟಿದ್ದರು. ನಮ್ಮ ಮನೆಯವರು ಯಲಬುರ್ಗಾದ ಒಂದು ಸರಕಾರಿ ಕಚೇರಿಯಲ್ಲಿ ಜವಾನರು. ಅಲ್ಲೇ ಒಂದು ಖೋಲಿ ಮಾಡಿಕೊಂಡಿದ್ದು ಶನಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಇದ್ದವರು ಮೂವರೇ: ನಾನು, ನಮ್ಮ ಅತ್ತೆ ಹುಲಿಗೆಮ್ಮ, ನಾಲ್ಕು ತಿಂಗಳ ಮಗಳು ಗಿರಿಜಾ. ಅತ್ತೆಯ ಬಾಯಿ ಭಾಳ ಜೋರು. ಅವರು ಬೈದರೆ ಓಣಿಯ ನಾಯಿಗಳು ಕೂಡ ಎದ್ದು ಆಚೆ ಹೋಗುತ್ತಿದ್ದವು.

ಅವತ್ತು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದೆವು. ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು. ಗಡಿಬಿಡಿಯಲ್ಲಿ ಬುಟ್ಟಿ ತುಂಬಿಕೊಂಡು ಇಳಿಯುವಾಗ ಏಣಿಯ ಬುಡ ಜಾರಿತು. ಕಟ್ಟೆಯ ಅಂಚಿಗೆ ಬೆನ್ನು ಬಡಿದು ಬಿದ್ದೆ. ಮೊದಲು ನೆನಪಾದದ್ದು ಮೆಣಸಿನಕಾಯಿ, ಅಂಗಳದ ತುಂಬ ಚೆಲ್ಲಿದವಲ್ಲ, ಇನ್ನು ಅತ್ತೆ ಬೈಯುತ್ತಾರೆ ಅಂತ. ಏಳಲು ಹೋದರೆ ಆಗಲಿಲ್ಲ. ಸೀರೆ ಮೊಣಕಾಲಿನ ಮೇಲೆ ಸರಿದಿತ್ತು, ನಾಚಿಕೆಯಿಂದ ಕೆಳಗೆಳೆದುಕೊಂಡೆ. ಕೈ ಎಳೆದದ್ದು ಗೊತ್ತಾಯಿತು, ಬಟ್ಟೆ ಕಾಲಿಗೆ ತಾಗಿದ್ದು ಗೊತ್ತಾಗಲಿಲ್ಲ. ಕಾಲನ್ನೇ ಚಿವುಟಿದೆ. ಯಾರದೋ ಕಾಲು ಚಿವುಟಿದ ಹಾಗಾಯಿತು. ಆಗ ಚೀರಿದೆ. ನೋವಿಗಲ್ಲ, ಹೆದರಿ ಚೀರಿದೆ.

ನಾಲ್ವರು ಬಂದು ಕೈಕಾಲು ಹಿಡಿದು ಜೋಲಿಯ ಹಾಗೆ ಎತ್ತಿ ಬಂಡಿಗೆ ಹಾಕಿದರು. ಹಾಗೆ ಎತ್ತಬಾರದಂತೆ, ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕಂತೆ. ಯಾರಿಗೆ ಗೊತ್ತಿತ್ತು? ಅವರು ಪ್ರೀತಿಯಿಂದಲೇ ಎತ್ತಿದ್ದರು. ಗಂಗಾವತಿಯಲ್ಲಿ ನೋಡಿ, ಇಲ್ಲಿ ಆಗುವುದಿಲ್ಲ ಎಂದು ಹೊಳೆಯಾಚೆಯ ದೊಡ್ಡ ದವಾಖಾನೆಗೆ ಕಳಿಸಿದರು.

ಅಲ್ಲಿ ಎಕ್ಸರೇ ಕೋಣೆಯ ಮುಂದೆ ನನ್ನನ್ನು ಸ್ಟ್ರೆಚರಿನ ಸಮೇತ ನೆಲದ ಮೇಲೆ ಇಟ್ಟಿದ್ದರು. ಹೋಗಿಬರುವವರ ಚಪ್ಪಲಿಗಳು ನನ್ನ ಕಿವಿಯ ಪಕ್ಕದಲ್ಲೇ ಸಪ್ಪಳ ಮಾಡುತ್ತಿದ್ದವು. ಯಾರಾದರೂ ಕಾಲು ತುಳಿದರೆ ನನಗೆ ತಿಳಿಯುವುದಿಲ್ಲವಲ್ಲ ಎಂದು ತಲೆಯೆತ್ತಿ ಎತ್ತಿ ನೋಡುತ್ತಿದ್ದೆ. ಡಾಕ್ಟರು ಬಂದು ಒಂದು ಸೂಜಿ ಹಿಡಿದು ಪಾದದಿಂದ ಶುರುಮಾಡಿದರು. "ಚುಚ್ಚಿದ್ದು ತಿಳೀತದೇನಮ್ಮ?" ಸೂಜಿ ಕಣ್ಣಿಗೆ ಕಾಣುತ್ತಿತ್ತು. "ಹೂಂ ರಿ" ಎಂದೆ. ಇನ್ನೊಂದು ಕಡೆ. "ಹೂಂ ರಿ." ನಮ್ಮ ಮನೆಯವರ ಮುಖದಲ್ಲಿ ಜೀವ ಬಂತು. ಡಾಕ್ಟರಿಗೆ ಇಂಥ ಸುಳ್ಳು ಗೊತ್ತಿರಬೇಕು. "ಈಗ ಕಣ್ಣು ಮುಚ್ಚು, ತಿಳಿದಾಗ ಹೇಳು" ಎಂದರು. ಮುಚ್ಚಿದೆ. ಚುಚ್ಚಲಿ ಎಂದು ಕಾದೆ. ಇನ್ನೂ ಯಾಕೆ ಚುಚ್ಚುತ್ತಿಲ್ಲ ಎಂದುಕೊಳ್ಳುವಷ್ಟರಲ್ಲಿ, "ಆಯ್ತು, ಕಣ್ಣು ತೆಗಿ" ಎಂದರು. ಚುಚ್ಚುವುದು ಮುಗಿದೇಹೋಗಿತ್ತು. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಹೊಕ್ಕಳಿನಿಂದ ಕೆಳಗೆ ಏನೂ ಇಲ್ಲ. ಮೂತ್ರಕ್ಕೆ ನಳಿಗೆ. ಎರಡೆರಡು ತಾಸಿಗೆ ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕು. ಆ ವಾರ್ಡಿನಲ್ಲಿ ಪರದೆ ಗಿರದೆ ಇರಲಿಲ್ಲ. ಪಕ್ಕದ ಕಾಟಿನಲ್ಲಿ ಸೊಂಟ ಮುರಿದುಕೊಂಡ ವಿರೂಪಾಪುರಗಡ್ಡೆಯ ಒಬ್ಬ ಮುದುಕಿ ಇದ್ದಳು. ಆಯಾ ನನ್ನ ಬಟ್ಟೆ ಬದಲಿಸಲು ಬಂದಾಗಲೆಲ್ಲ, "ಎಲ್ಲಾರೂ ಆ ಕಡೆ ಹೊಳ್ರಿ! ಏನ್ ನಾಟಕ ಐತೇನ ಇಲ್ಲೆ?" ಎಂದು ಇಡೀ ವಾರ್ಡಿಗೆ ಕೂಗಿ, ತಾನೂ ನರಳುತ್ತ ಗೋಡೆಗೆ ಮುಖ ಮಾಡುತ್ತಿದ್ದಳು. ಅವಳ ಋಣ ನಾನು ತೀರಿಸಲಿಲ್ಲ. ಹೆಸರೂ ಕೇಳಿಕೊಳ್ಳಲಿಲ್ಲ.

ಕೂಸನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಅತ್ತೆ ಕಿಟಕಿಯ ಆಚೆ ನಿಂತು ಎತ್ತಿ ತೋರಿಸುತ್ತಿದ್ದರು. ನನ್ನ ಕುಪ್ಪಸ ಹಾಲಿನಿಂದ ಒದ್ದೆಯಾಗುತ್ತಿತ್ತು. ಎಂಟು ದಿನಕ್ಕೆ ಜ್ವರ ಬಂದು ಹಾಲು ಬತ್ತಿಹೋಯಿತು. ಕುಷ್ಟಗಿಯಿಂದ ಅವ್ವ ಬಂದು ಗಿರಿಜಾಳನ್ನು ಒಯ್ದಳು. ಅಲ್ಲಿ ನಮ್ಮ ವೈನಿಗೆ, ಎಂದರೆ ಅಣ್ಣನ ಹೆಂಡತಿಗೆ, ಎಳೆಗೂಸಿತ್ತು. ಎರಡಕ್ಕೂ ಹಾಲು ಕೊಡುತ್ತೇನೆಂದು ಒಪ್ಪಿಕೊಂಡಿದ್ದಳು ಪುಣ್ಯಾತ್ಗಿತ್ತಿ. "ನೀ ಕುಂತು ಎತ್ತಿಕೊಳ್ಳುವಂಗಾದ ದಿವಸ ತಂದು ನಿನ್ನ ತೊಡಿಮ್ಯಾಲೆ ಹಾಕ್ತೀನಿ" ಎಂದು ಅವ್ವ ಹೇಳಿಹೋದಳು. ಕೂಸು ಆ ಕಡೆ ಹೋಯಿತು, ನಾನು ಛತ್ತು ನೋಡುತ್ತ ಮಲಗಿದೆ. ಅವತ್ತಿನಿಂದ ನನಗೆ ಬೇಕಾದದ್ದು ಒಂದೇ. ನಡೆಯುವುದಲ್ಲ, ನನ್ನ ಮಗಳು ನನ್ನ ಮನೆಗೆ ವಾಪಸು ಬರುವುದು.

ಆ ದಿನಗಳಲ್ಲಿ ನಗೆ ಬಂದದ್ದು ಒಂದೇ ಸಲ. ದೂರದ ಸಂಬಂಧದ ಚಿಗವ್ವ ಒಬ್ಬಳು ನೋಡಲು ಬಂದವಳು ವರಾಂಡದಲ್ಲಿ ಅತ್ತೆಗೆ, "ಹುಡುಗ ಇನ್ನೂ ಸಣ್ಣಾವ, ಇನ್ನೊಂದು ಲಗ್ನ ಮಾಡಿಬಿಡ್ರಿ" ಎಂದಳು. ಅತ್ತೆ ಗಂಡ ಸತ್ತು ಹನ್ನೆರಡು ವರ್ಷವಾದವರು. "ಮಾಡೂಣಂತ. ಅವಗೊಂದು ನೋಡು, ನನಗೂ ಒಂದು ನೋಡು. ಒಂದ ಹಂದರದಾಗ ಎರಡೂ ಮುಗಿಸಿಬಿಡೂಣು" ಎಂದರು. ಚಿಗವ್ವ ತಂದ ಬಾಳೆಹಣ್ಣನ್ನು ಅಲ್ಲೇ ಬಿಟ್ಟು ಹೋದಳು. ನಾನು ನಕ್ಕೆ. ನಕ್ಕರೆ ಹೊಟ್ಟೆಯ ಮೇಲಿನ ಅರ್ಧ ಮಾತ್ರ ಅಲುಗುತ್ತಿತ್ತು, ಅದನ್ನು ಕಂಡು ಮತ್ತೆ ಅಳು ಬಂತು.

ಎರಡೂವರೆ ತಿಂಗಳಿಗೆ ಮನೆಗೆ ಕಳಿಸಿದರು. ಬೆನ್ನಹುರಿಗೆ ಪೆಟ್ಟಾಗಿದೆ, ಮೂಳೆ ಕೂಡಿದೆ, ಇನ್ನು ನೋಡೋಣ ಎಂದಿದ್ದರು. ಆ 'ನೋಡೋಣ' ಎಂಬ ಮಾತನ್ನು ಹಿಡಿದುಕೊಂಡೇ ನಾವು ಎಡವಟ್ಟು ಮಾಡಿಕೊಂಡದ್ದು.

ನಮ್ಮ ಕಡೆ ಬಾಣಂತಿಗೆ ಕಾವು, ಉಳುಕಿದರೆ ಕಾವು, ವಾಯು ಹಿಡಿದರೆ ಕಾವು. ಉಸುಕನ್ನು ಹೆಂಚಿನ ಮೇಲೆ ಕಾಸಿ, ಅರಿವೆಯಲ್ಲಿ ಗಂಟು ಕಟ್ಟಿ ಒತ್ತುವುದು. ಒತ್ತುವವರು "ಹತ್ತತೇನು?" ಎಂದು, ಎಂದರೆ ಬಿಸಿ ತಾಗಿತೇ ಎಂದು, ಕೇಳುತ್ತಾರೆ. ಹತ್ತಿತು ಎಂದರೆ ನಿಲ್ಲಿಸುತ್ತಾರೆ, ಇಲ್ಲ ಎಂದರೆ ಇನ್ನಷ್ಟು ಕಾಸುತ್ತಾರೆ. ಅಜ್ಜಿಯ ಅಜ್ಜಿಯ ಕಾಲದಿಂದ ನಡೆದುಬಂದ ರೀತಿ ಇದು. ಮುಟ್ಟಿದ್ದು ತಿಳಿಯುವ ಮೈಗೆ ಸರಿಯಾಗಿಯೇ ಇದೆ. ನನ್ನ ಕಾಲಿಗೆ ಅದನ್ನು ಹಚ್ಚಿದೆವು.

"ಹತ್ತತೇನ, ನೀಲಾ?"

"ಇಲ್ರಿ ಅತ್ತಿ."

ಮತ್ತೆ ಹೆಂಚಿಗೆ. "ಈಗ?"

"ಇಲ್ರಿ."

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ನಾನೇ, "ನೀವು ಹೆದರ್ಕೋತ ಕಾಸಾಕತ್ತೀರಿ. ಕೆಂಪಗ ಕಾಸ್ರಿ" ಎಂದೆ. ಹೌದು, ನಾನೇ ಅಂದೆ. ಎಲ್ಲಿಯಾದರೂ ಒಂದಿಷ್ಟು ಚುರುಕ್ ಅಂದರೆ ಸಾಕಾಗಿತ್ತು, ಆ ಚುರುಕ್ ಅನ್ನುವುದರ ಆಚೆ ನನ್ನ ಮಗಳು ಕೂತಿದ್ದಳು. ಅತ್ತೆಯ ಕೈ ಆ ಗಂಟನ್ನು ತಡೆಯಲಾರದೆ ಸೆರಗನ್ನು ಎರಡು ಸುತ್ತು ಸುತ್ತಿಕೊಂಡಿತು. ಮೀನಖಂಡಕ್ಕೆ ಒತ್ತಿದರು, ಹಿಮ್ಮಡಿಗೆ ಒತ್ತಿದರು. "ಹತ್ತತೇನ?" ನಾನು ಕಣ್ಣು ಮುಚ್ಚಿ ಹುಡುಕಿದೆ. ಆಗ ಏನೋ ಸುಟ್ಟ ವಾಸನೆ ಬಂತು. ಇಬ್ಬರೂ ಒಲೆಯ ಕಡೆ ನೋಡಿದೆವು. "ರೊಟ್ಟಿ ಹೊತ್ತೇತೇನ ನೋಡ್ರಿ ಅತ್ತಿ" ಎಂದೆ. ಒಲೆಯ ಮೇಲೆ ರೊಟ್ಟಿ ಇರಲೇ ಇಲ್ಲ.

ಮತ್ತೆ ಹೊಳೆಯಾಚೆಯ ದವಾಖಾನೆ. ಡಾಕ್ಟರು ಅತ್ತೆಯನ್ನು ಎಲ್ಲರ ಎದುರು ಬಾಯಿಗೆ ಬಂದಂತೆ ಬೈದರು. ಓಣಿ ನಡುಗಿಸುವ ನಮ್ಮ ಅತ್ತೆ ತಲೆ ತಗ್ಗಿಸಿ ನಿಂತಿದ್ದರು. "ನಾನ ಕಾಸು ಅಂದಿದ್ದೆ ರಿ" ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಎಡಗಾಲು ತೆಗೆಯಬೇಕಾದೀತು ಎಂಬ ಮಾತೂ ಒಂದು ವಾರ ಓಡಾಡಿತು. ಅತ್ತೆ ನನ್ನ ಕಾಟಿನ ಕೆಳಗೆ ಮಲಗುತ್ತಿದ್ದರು, ತಲೆ ಬಾಚುತ್ತಿದ್ದರು, ಊಟ ಮಾಡಿಸುತ್ತಿದ್ದರು. ಕಾಲು ಮಾತ್ರ ಮುಟ್ಟುತ್ತಿರಲಿಲ್ಲ.

ಆಗ ಬಂದ ಹೆದರಿಕೆ ಬೀಳುವಾಗಲೂ ಬಂದಿರಲಿಲ್ಲ. ನನ್ನ ಮೈಯೇ ಉರಿಯುತ್ತಿದ್ದರೂ ನಾನು ರೊಟ್ಟಿಯ ಬಗ್ಗೆ ಕೇಳುತ್ತೇನೆ ಎಂದಾಯಿತಲ್ಲ! ಹತ್ತು ನಿಮಿಷಕ್ಕೊಮ್ಮೆ, "ಕಾಲು ನೋಡ್ರಿ, ಇರಿವಿ ಹತ್ಯಾವೇನ" ಎನ್ನುತ್ತಿದ್ದೆ. ಯಾರಾದರೂ ಚಹಾ ಹಿಡಿದು ಹತ್ತಿರ ಬಂದರೆ ಕೂಗುತ್ತಿದ್ದೆ. ಇಂಥ ಮಡಿಲಿನ ಮೇಲೆ ಕೂಸನ್ನು ಹಾಕುವುದೇ? ಅದು ಜಾರಿದರೆ, ಅದಕ್ಕೆ ಏನಾದರೂ ಕಚ್ಚಿದರೆ, ಬಿಸಿ ತಾಗಿದರೆ, ನನಗೆ ಯಾರು ಹೇಳಬೇಕು?

ಆ ದವಾಖಾನೆಗೆ ಹೊಸದಾಗಿ ಒಬ್ಬರು ಬಂದಿದ್ದರು. ಕೈಕಾಲಿಗೆ ಕಸರತ್ತು ಮಾಡಿಸುವವರು, ತೆಲುಗು ಸೀಮೆಯವರು. ನಾವೆಲ್ಲ ಅವರನ್ನು ಕಸರತ್ತಿನ ಮಾಸ್ತರು ಎನ್ನುತ್ತಿದ್ದೆವು. ಅವರು ಸುಳ್ಳು ಆಸೆ ತೋರಿಸಲಿಲ್ಲ. "ಕಾಲು ಬರೋದಿಲ್ಲಮ್ಮಾ. ಕೈ ಇದೆ, ಕಣ್ಣಿದೆ. ಕಾಲಿನ ಕೆಲಸ ಅವಕ್ಕೆ ಕೊಡು" ಎಂದರು. ಒಂದು ಕೈಗನ್ನಡಿ ಕೊಟ್ಟು ಬೆಳಿಗ್ಗೆ ಸಂಜೆ ಕಾಲಿನ ಹಿಂದೆಮುಂದೆ ನೋಡಿಕೊಳ್ಳಲು ಕಲಿಸಿದರು. ಬಿಸಿನೀರನ್ನು ಮೊಣಕೈಯಿಂದ ನೋಡಬೇಕು, ಬೆರಳಿನಿಂದಲ್ಲ ಎಂದರು. ಒಲೆಯ ಮುಂದೆ ಬೆಳೆದ ಹೆಂಗಸರ ಬೆರಳಿಗೆ ಬಿಸಿ ತಿಳಿಯುವುದು ತಡವಂತೆ. ನನ್ನ ಕಾಲು ಒಮ್ಮೊಮ್ಮೆ ತಾನಾಗಿ ಝಾಡಿಸುತ್ತಿದ್ದವು. ತಣ್ಣೀರು ಬಿದ್ದರೆ, ಗಕ್ಕನೆ ಮುಟ್ಟಿದರೆ, ಕತ್ತೆ ಒದ್ದ ಹಾಗೆ ಒಂದು ಒದೆ. ಅದಕ್ಕೆ, "ಮೊದಲು ಕಾಲಿಗೆ ಸುದ್ದಿ ಮುಟ್ಟಿಸು. ಎರಡು ಸಲ ಮುಟ್ಟು, ಒದ್ದು ಸುಮ್ಮನಾಗಲಿ, ಆಮೇಲೆ ಕೆಲಸ ಮಾಡು" ಎಂದಿದ್ದರು.

ಎಲ್ಲಕ್ಕಿಂತ ಕಷ್ಟದ್ದು ಕೂರುವುದು. ಎರಡೂ ಕೈ ನೆಲಕ್ಕೆ ಊರಿದರೆ ಕೂರಬಲ್ಲೆ. ಕೈ ಎತ್ತಿದೆನೆಂದರೆ ಜೋಳದ ಚೀಲದ ಹಾಗೆ ಉರುಳುತ್ತಿದ್ದೆ. "ಎರಡು ಕೈ ಎತ್ತಮ್ಮಾ, ನೇನುನ್ನಾ" ಎನ್ನುತ್ತಿದ್ದರು, ನಾನಿದ್ದೇನೆ ಎಂದು ಅವರ ತೆಲುಗಿನಲ್ಲಿ. ನಾನು ಒಂದು ಕೈ ಎತ್ತುತ್ತಿದ್ದೆ. ಇನ್ನೊಂದು ಜಪ್ಪಯ್ಯ ಅಂದರೂ ಚಾಪೆ ಬಿಡುತ್ತಿರಲಿಲ್ಲ.

ಆಗ ಒಂದು ದಿನ ಅವ್ವ ಬಂದಳು. ಗಿರಿಜಾಳ ಸುದ್ದಿ ಹೇಳಿದಳು: ಅಂಬೆಗಾಲಿಡುತ್ತಾಳೆ, ಎರಡು ಹಲ್ಲು ಬಂದಿವೆ, ಮಾತೂ ಶುರುವಾಗಿದೆ.

"ಏನಂತಾಳ?" ಎಂದೆ.

"ಅವ್ವ ಅಂತಾಳ."

"ಯಾರಿಗೆ?"

ಅವ್ವ ಸೆರಗು ಸರಿಮಾಡಿಕೊಂಡಳು. "ಕೂಸಿಗೇನ ತಿಳೀತೈತವ್ವಾ. ಯಾರು ಎತ್ಕೋತಾರ ಅವರಿಗೆ ಅಂತಾಳ." ಹಾಗೇ ಮುಂದುವರಿಸಿದಳು: "ನಿಮ್ಮಣ್ಣ ಅನ್ನಾಕತ್ತಿದ್ದ, ಅಲ್ಲೇ ಬೆಳೀಲಿ ಬಿಡು ಅಂತ. ವೈನಿನೂ ಬಿಟ್ಟು ಇರಾಂಗಿಲ್ಲ ಅಂತಾಳ."

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಮೊದಲು ಸಮಾಧಾನವೇ ಆಯಿತು. ಅಲ್ಲಿದ್ದರೆ ಕೂಸಿಗೆ ನನ್ನಿಂದ ಏನೂ ಆಗುವುದಿಲ್ಲವಲ್ಲ ಎಂದು. ಅವ್ವ ಹೋದ ಮೇಲೆ ಆ ಸಮಾಧಾನ ನೆನೆದು ಮೈ ಜುಮ್ಮೆಂದಿತು. ಎಂಥ ತಾಯಿ ನಾನು? ಮರುದಿನ ಮಾಸ್ತರು ಬಂದು ಬಾಯಿ ತೆಗೆಯುವ ಮೊದಲೇ ಎರಡೂ ಕೈ ಎತ್ತಿದೆ. ಬಿದ್ದೆ. ಎಬ್ಬಿಸಿದರು, ಮತ್ತೆ ಎತ್ತಿದೆ. ಆ ತಿಂಗಳು ಎಷ್ಟು ಸಲ ಬಿದ್ದೆನೋ ದೇವರಿಗೇ ಗೊತ್ತು. ಕೊನೆಗೆ ಬೆನ್ನಿಗೆ ಗೋಡೆಯ ಆಸರೆ ಇದ್ದರೆ, ಕೈ ಬಿಟ್ಟು ಒಂದು ಜಡೆ ಹೆಣೆದುಕೊಳ್ಳುವಷ್ಟು ಹೊತ್ತು ಕೂರಲು ಬಂತು.

ಮನೆಗೆ ಬಂದೆ. ಗೋಣಿತಟ್ಟಿನ ಮೇಲೆ ಕೂತು, ಕೈಯೂರಿ, ಪಡಸಾಲೆಯಿಂದ ಬಚ್ಚಲತನಕ ಸರಿಯುತ್ತಿದ್ದೆ. ಎಲ್ಲರೂ "ಇನ್ನು ಕೂಸು ತರಸ್ರಿ" ಎನ್ನುವವರೇ. ನಾನು ಮಾತ್ರ, ಅಮಾವಾಸ್ಯೆ ಆಗಲಿ ಎನ್ನುತ್ತಿದ್ದೆ. ಅಮಾವಾಸ್ಯೆ ಆದ ಮೇಲೆ, ಬಿಸಿಲು ಕಡಿಮೆಯಾಗಲಿ. ಆಮೇಲೆ, ಅದಕ್ಕೆ ನೆಗಡಿಯಂತೆ, ಹೋಗಲಿ. ರಾತ್ರಿ ಅತ್ತು ಹಗಲು ನೆಪ ಹುಡುಕುತ್ತಿದ್ದೆ. ಅತ್ತೆ ಸುಮ್ಮನೆ ನೋಡಿದರು, ನೋಡಿದರು, ಒಂದು ಶನಿವಾರ ನನಗೆ ಹೇಳದೆ ಮಗನ ಕೈಯಲ್ಲಿ ಕುಷ್ಟಗಿಗೆ ಸುದ್ದಿ ಕಳಿಸಿಬಿಟ್ಟರು.

ಅವ್ವ ಬೆಳಿಗ್ಗೆಯ ಬಸ್ಸಿಗೆ ಬಂದಳು. ಕಂಕುಳಲ್ಲಿ ಗಿರಿಜಾ. "ತೋರಿಸ್ಕೊಂಡು ಹೋಗೂಣಂತ ಬಂದೀನಿ, ಸಂಜೀ ಬಸ್ಸಿಗೆ ಹೊಳ್ಳಿ ಹೋಗ್ತೀವಿ" ಎಂದಳು. ಕೂಸು ನನ್ನನ್ನು ನೋಡಿ ಮುಖ ತಿರುಗಿಸಿ ಅಜ್ಜಿಯ ಕೊರಳಿಗೆ ಅಂಟಿಕೊಂಡಿತು. ನಾನು ಕೈ ಚಾಚಲಿಲ್ಲ. ಚಾಚಲು ಧೈರ್ಯ ಸಾಲಲಿಲ್ಲ.

ಅತ್ತೆ ಬಚ್ಚಲ ಹಂಡೆಗೆ ಉರಿ ಹಾಕಿದ್ದರು. "ಬಸ್ಸಿನ ಧೂಳ ಮೈತುಂಬ ಐತಿ. ಕೂಸಿಗೆ ಎರೀಬೇಕು" ಎಂದರು. ನಮ್ಮಲ್ಲಿ ಕೂಸಿಗೆ ಎರೆಯುವುದು ಹೇಗೆಂದರೆ, ಕಾಲು ಚಾಚಿ ಕೂತು, ಎರಡೂ ಮೊಣಕಾಲಿನಿಂದ ಕೆಳಗಿನ ಕಾಲ ಮೇಲೆ ಅದನ್ನು ಮಲಗಿಸಿಕೊಂಡು ಬಿಸಿನೀರು ಹಾಕುವುದು. ನಾನು ಸಹಜವಾಗಿ, "ಎರೀರಿ ಅತ್ತಿ" ಎಂದೆ.

"ನನಗ ಕುಂದ್ರಾಕ ಆಗವಲ್ದು, ಮಂಡಿ ಹಿಡದಾವ. ನೀನ ಎರಿ."

"ನಾನೇನ್ರಿ?"

"ಮತ್ತ್ಯಾರು? ಕಾಲು ಚಾಚಿ ಕುಂದ್ರೂದೊಂದ ಅಲ್ಲೇನ ಅದು. ಅಷ್ಟು ನಿನಗ ಬರ್ತೈತಿ."

"ಅತ್ತಿ, ಬಿಸಿನೀರ್ರಿ ಅದು!" ಎಂದೆ. ಅತ್ತೆಯ ಮುಖದಲ್ಲೂ ಅದೇ ಹೆದರಿಕೆ ಇತ್ತು, ತುಟಿ ಬಿಗಿಹಿಡಿದಿದ್ದರು. (ಮರುದಿನ ಅದೇ ಮಂಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಇಪ್ಪತ್ತು ರೊಟ್ಟಿ ಬಡಿದರು ಮಹಾತಾಯಿ.)

ಬಚ್ಚಲಿಗೆ ಸರಿದು ಹೋದೆ. ಗೋಡೆಗೆ ಬೆನ್ನು ಕೊಟ್ಟು, ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ನೇರ ಮಾಡಿ ಇಟ್ಟೆ. ಸೀರೆ ಸರಿಸಿದೆ. ಸುಟ್ಟ ಕಲೆ ಮೀನಖಂಡದ ತುಂಬ ಹೊಳೆಯುತ್ತಿತ್ತು. ಅತ್ತೆ ಮೊದಲ ಸಲ ಅದನ್ನು ದಿಟ್ಟಿಸಿ ನೋಡಿದರು. ಬಕೀಟಿಗೆ ಮೊಣಕೈ ಅದ್ದಿದೆ. ಬಿಸಿ ಹೆಚ್ಚು. ತಣ್ಣೀರು ಬೆರೆಸಿದರು. ಮತ್ತೆ ಅದ್ದಿದೆ. "ಅತ್ತಿ, ನೀವೂ ನೋಡ್ರಿ." ಅವರೂ ಮೊಣಕೈ ಅದ್ದಿದರು. "ಅವ್ವಾ, ನೀನೂ ನೋಡು." ಮೂವರು ಹೆಂಗಸರು ಒಂದು ಬಕೀಟಿಗೆ ಮೊಣಕೈ ಹಾಕಿಕೊಂಡು ಕೂತೆವು. ಒಂದು ಚೊಂಬು ನೀರನ್ನು ನನ್ನ ಕಾಲಿಗೇ ಹಾಕಿಕೊಂಡೆ. ಎಡಗಾಲು ಒದೆಯಿತು. ಕಾದೆ. ಇನ್ನೊಂದು ಚೊಂಬು. ಸಣ್ಣಗೆ ನಡುಗಿತು. ಇನ್ನೊಂದು. ಸುಮ್ಮನಿತ್ತು.

"ಕೊಡ್ರಿ" ಎಂದೆ.

ಕೂಸನ್ನು ಕಾಲ ಮೇಲೆ ಮಲಗಿಸಿದರು. ಓಣಿಗೆಲ್ಲ ಕೇಳುವಂತೆ ಅಳತೊಡಗಿತು. ನನ್ನ ಮಗಳು ನನ್ನ ಕಾಲ ಮೇಲಿದ್ದಾಳೆ ಎಂದು ಕಣ್ಣು ಹೇಳುತ್ತಿತ್ತು, ಕಾಲು ಹೇಳುತ್ತಿರಲಿಲ್ಲ. ಆ ಭಾರ ನನಗೆ ಒಂದು ಚೂರೂ ತಿಳಿಯಲಿಲ್ಲ. ಎಡಗೈಯಿಂದ ಎದೆ ಹಿಡಿದು ಬಲಗೈಯಿಂದ ನೀರು ಹಾಕಿದೆ. ಹೊಟ್ಟೆಗೆ, ತೊಡೆಗೆ. ಅಳು ಸ್ವಲ್ಪ ಇಳಿಯಿತು. ಅತ್ತೆ ಮೊದಲೇ ಎಣ್ಣೆ ಹಚ್ಚಿದ್ದರಿಂದ ಮೈ ಜಾರುತ್ತಿತ್ತು. ಅಷ್ಟರಲ್ಲಿ ಅದು ಕೈಕಾಲು ಬಡಿಯಿತು, ಅದರ ಹಿಮ್ಮಡಿ ನನ್ನ ಮೊಣಕಾಲಿಗೆ ಬಿತ್ತೇನೋ, ನನ್ನ ಎಡಗಾಲು ಝಾಡಿಸಿ ಒದೆಯಿತು. ಕೂಸು ಕಾಲ ಮೇಲಿಂದ ಹಾರಿತು. ಅವ್ವ ಚೀರಿದಳು. ಚೊಂಬು ಎಲ್ಲಿ ಬಿತ್ತೋ ತಿಳಿಯದು. ಎರಡೂ ಕೈಯಿಂದ ಗಪ್ಪನೆ ಹಿಡಿದು ಎದೆಗೆ ಎತ್ತಿಕೊಂಡೆ. ಬೆನ್ನು ಗೋಡೆಯಿಂದ ಸರಿದಿತ್ತು. ನೆಲಕ್ಕೆ ಊರಲು ಕೈ ಉಳಿದಿರಲಿಲ್ಲ. ಈಗ ಬಿದ್ದೆ, ಈಗ ಬಿದ್ದೆ ಎಂದು ಕಣ್ಣು ಮುಚ್ಚಿದೆ.

ಬೀಳಲಿಲ್ಲ.

ಕಣ್ಣು ತೆಗೆದಾಗ ಒದ್ದೆ ತಲೆ ನನ್ನ ಗಲ್ಲದ ಕೆಳಗಿತ್ತು. ಆಗ ತೋಳಿಗೆ ಗೊತ್ತಾಯಿತು, ಭಾರ. ನಾಲ್ಕು ತಿಂಗಳ ಕೂಸಿನ ಭಾರವಲ್ಲ, ವರ್ಷ ತುಂಬಲು ಬಂದ ಮಗುವಿನ ಗಟ್ಟಿ ಭಾರ. "ಎಷ್ಟು ವಜ್ಜಾ ಆಗ್ಯಾಳ್ರೀ ಅತ್ತಿ!" ಎಂದೆ. ಅತ್ತೆ ಬಾಗಿಲು ಹಿಡಿದು ನಿಂತು ಅಳುತ್ತಿದ್ದರು.

"ಸಾಕವ್ವಾ ನೀಲಾ, ಸಾಕು. ಕೊಡು ನನ್ನ ಕೈಯಾಗ" ಎಂದು ಅವ್ವ ಟವೆಲ್ಲು ಹಿಡಿದು ಬಾಗಿದಳು. ನನಗೂ ಕೊಟ್ಟುಬಿಡೋಣ ಅನ್ನಿಸಿತು. ಗೋಡೆಗೆ ಬೆನ್ನು ಸರಿಸಿಕೊಂಡೆ. ಕಾಲಿಗೆ ಮತ್ತೊಂದು ಚೊಂಬು ನೀರು ಹಾಕಲು ಅತ್ತೆಗೆ ಹೇಳಿದೆ.

"ತಡಿ ಅವ್ವಾ" ಎಂದೆ, "ತಲಿಗೆ ಇನ್ನೂ ಎರದಿಲ್ಲ."

ಸಂಜೆ ಅವ್ವ ಒಬ್ಬಳೇ ಕುಷ್ಟಗಿಯ ಬಸ್ಸು ಹತ್ತಿದಳು.